ಬೇಡುವವನೊ, ಪಾಲುಗಾರನೊ?

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿತೆಂದರೆ, ಕೊಟ್ಟೂರಿನ ಬಳಿಯ ನಮ್ಮ ಹಳ್ಳಿಯಲ್ಲಿ ಬಾಗಿಲಿಗೆ ಬರುವವರ ಸಾಲು ಮೊದಲಾಗುತ್ತಿತ್ತು. ಹಡಗಲಿ ಸೀಮೆಯ ಮೈಲಾರಲಿಂಗನ ಹೆಸರು ಹೇಳಿ ಕಂಬಳಿ ಹೊದ್ದ ಗೊರವ ಡಮರು ನುಡಿಸುತ್ತಿದ್ದ. ಎಲ್ಲಮ್ಮನ ಕೊಡ ಹೊತ್ತು ಜೋಗತಿ ಬರುತ್ತಿದ್ದಳು. ಬಳೆಗಾರ ಕಟ್ಟೆಯ ಮೇಲೆ ಮಲಾರ ಇಳಿಸುತ್ತಿದ್ದ. ಕೆಲವು ವರ್ಷಗಳಿಗೊಮ್ಮೆ ಎತ್ತಿನೊಡನೆ ಹೆಳವ ಬರುತ್ತಿದ್ದ.

ಹೆಳವನು ಕೈಯೊಡ್ಡುವ ಮೊದಲು ನಮ್ಮ ಮನೆತನದ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ. ಮೂಲಪುರುಷ ಎಲ್ಲಿಂದ ಬಂದ, ಯಾವ ಕವಲು ಹರಪನಹಳ್ಳಿಯ ಕಡೆ ಹೋಯಿತು, ಯಾವುದು ಕೂಡ್ಲಿಗಿಯಲ್ಲಿ ನಿಂತಿತು ಎಂಬುದೆಲ್ಲ ಅವನ ನಾಲಗೆಯಲ್ಲಿತ್ತು. ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಏರಿಸಿಕೊಳ್ಳುತ್ತಿದ್ದ. ನಾನೂ ಹಾಗೆಯೇ ಅದರಲ್ಲಿ ಸೇರಿದೆ. “ಇವನು ಭಿಕ್ಷುಕನೇನವ್ವಾ?” ಎಂದು ಕೇಳಿದೆ. ಅವ್ವ ಮೊರದ ತುಂಬ ಜೋಳ ಸುರಿಯುತ್ತ, “ಬೇಡಾಕ ಬಂದಿಲ್ಲಪ್ಪ, ತನ್ನ ಪಾಲು ಒಯ್ಯಾಕ ಬಂದಾನ” ಎಂದಳು.

ನಾನು ಓದಿ ಕಾಲೇಜಿನಲ್ಲಿ ಮೇಷ್ಟರಾದೆ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದೆ ಒಂದು ಭಾನುವಾರ, ಊರಿನಲ್ಲಿ ವಿಚಾರಿಸಿಕೊಂಡು, ಆ ಹೆಳವನ ಮಗ ಬಂದು ನಿಂತ. ಹಿಂದಿನ ವಾರವಷ್ಟೇ ತರಗತಿಯಲ್ಲಿ ಮೌಖಿಕ ಪರಂಪರೆಯ ಹಿರಿಮೆಯನ್ನು ಕೊಂಡಾಡಿದ್ದ ನಾನು, “ದುಡಿದು ತಿನ್ನಬಾರದೆ?” ಎಂದುಬಿಟ್ಟೆ. ಅವನು ಕೋಪಿಸಲಿಲ್ಲ. “ಮಕ್ಕಳು ಎಷ್ಟು ಮಂದಿ, ಹೇಳ್ರಿ. ಬರಕೊಂತೀನಿ” ಎಂದ.

ನನ್ನ ಪಕ್ಷದಲ್ಲಿ ನ್ಯಾಯವಿರಲಿಲ್ಲವೆ? ಭಿಕ್ಷಾಟನೆಯನ್ನು ನಿಷೇಧಿಸಿದ ಕಾಯ್ದೆ ನಮ್ಮ ರಾಜ್ಯದಲ್ಲಿ 1975ರಿಂದಲೂ ಇದೆ. ಭಿಕ್ಷುಕರ ಪುನರ್ವಸತಿಗೆಂದು ಮನೆಗಂದಾಯದ ಮೇಲೆ ನೂರಕ್ಕೆ 3ರಂತೆ ಕರವನ್ನೂ ತೆರುತ್ತೇವೆ. ನಿರ್ಗತಿಕರಿಗೆ ಅದು ಬೇಕು, ಸಂದೇಹವಿಲ್ಲ. ಆದರೆ ಹೆಳವನು ದುಡಿಯದವನೆ? ನಾವು ಮರೆತದ್ದನ್ನು ನೆನಪಿಡುವುದು ದುಡಿಮೆಯಲ್ಲವೆ? ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ದೆಹಲಿಯಲ್ಲಿ ಕಲೆಯಾದದ್ದು ನಮ್ಮ ಹೊಸ್ತಿಲಲ್ಲಿ ಮಾತ್ರ ಭಿಕ್ಷೆಯಾಗುವುದು ಹೇಗೆ?

ಹಾಗೆಂದು ಹಳೆಯದನ್ನೇ ಹೊಗಳಲಾರೆ. ಪಾಲುಗಾರನೆಂದ ಅವ್ವನೂ ಅವನನ್ನು ಒಳಗೆ ಕರೆಯಲಿಲ್ಲ. ಅವನ ಮಕ್ಕಳು ಎತ್ತಿನ ಹಿಂದೆ ಅಲೆಯದೆ ಶಾಲೆಗೆ ಹೋಗಲಿ ಎಂದೇ ನನ್ನ ಹಾರೈಕೆ. ಅವನ ವೃತ್ತಿ ನಿಂತರೂ ನಿಲ್ಲಲಿ. ಅದು ವೃತ್ತಿಯಾಗಿತ್ತು, ಬೇಡಿಕೆಯಾಗಿರಲಿಲ್ಲ ಎಂಬುದನ್ನಾದರೂ ನಾವು ಒಪ್ಪಬೇಕು.

ಮಕ್ಕಳ ಹೆಸರು ಹೇಳಿದೆ, ಬರೆದುಕೊಂಡ. ನಮ್ಮ ತಲೆತಲಾಂತರದ ಹೆಸರುಗಳು ಅವನಲ್ಲಿದ್ದವು. ಅವನದೊಂದು ಹೆಸರೂ ನನಗೆ ತಿಳಿಯದು. ಒಳಗೆ ಕರೆದು, ಕುಳ್ಳಿರಿಸಿ, ಅದನ್ನು ಕೇಳಿದೆ. ಜೋಳದ ಮಾತು ಆಮೇಲೆ ಬಂತು.