ಗೋಂದಿಲ್ಲದ ಗೋಳ

ಐದು ಎ4 ಹಾಳೆ ಸಾಕು. ಒಂದೊಂದರಲ್ಲೂ ಹತ್ತು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆಯಾದ 6 ಚೌಕ ಸಿಗುತ್ತವೆ. ಬೆರಳಗಲದ ಒಂದು ಪಟ್ಟಿ ಮಾತ್ರ ಪೋಲು. ಈ 30 ಚೌಕಗಳನ್ನು ಮಡಿಸಿ ಒಂದಕ್ಕೊಂದು ಸಿಕ್ಕಿಸುತ್ತ ಹೋದರೆ 20 ಮೊನೆಗಳ ಚೆಂಡಾಗುತ್ತದೆ, ಎರಡೂ ಕೈ ಕೂಡಿಸಿ ಹಿಡಿಯುವಷ್ಟು ದೊಡ್ಡದು. ಗೋಂದು ಇಲ್ಲ, ದಾರ ಇಲ್ಲ, ಪಿನ್ನು ಇಲ್ಲ. ಜಪಾನಿನವರು ತೂಗುಹಾಕುವ ಇಂಥ ಅಲಂಕಾರದ ಗೋಳಗಳಿಗೆ ಕುಸುದಾಮ ಎನ್ನುತ್ತಾರೆ. ಕಾಗದ ಮಡಿಸುವವರ ನಡುವೆ ಇದರ ಸುತ್ತ ಮುಗಿಯದ ತಕರಾರು ಒಂದಿದೆ: ಗೋಂದು ಹಚ್ಚಬಹುದೋ, ಬಾರದೋ. ಹೊರಗಿನವರಿಗೆ ನಗು ತರಿಸುವ ಜಗಳ. ನನಗಂತೂ ಗೋಳಕ್ಕಿಂತ ಅದೇ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ.

ಮೊದಲು ತುಂಡಿನ ವಿಚಾರ. ಚೌಕವನ್ನು ನಡುವೆ ಮಡಿಸಿ ಬಿಡಿಸಬೇಕು. ಎರಡೂ ಅಂಚನ್ನು ಆ ನಡುಗೆರೆಗೆ ತಂದು ಮುಟ್ಟಿಸಬೇಕು. ಎದುರುಬದುರಿನ ಎರಡು ಮೂಲೆಗಳನ್ನು ಒಳಕ್ಕೆ ಮಡಿಸಿ ಪಟ್ಟಿಯ ಕೆಳಗೆ ತೂರಿಸಿದರೆ ಶಾಲೆಯ ಪುಸ್ತಕದ ಸಮಾಂತರ ಚತುರ್ಭುಜ ಕೈಯಲ್ಲಿರುತ್ತದೆ. ಅದರ ಎರಡು ಚೂಪು ತುದಿಗಳನ್ನು ಹಿಂದಕ್ಕೆ ಮಡಿಸಿದಿರೋ, ನಡುವೆ ಒಂದು ಪುಟ್ಟ ಚೌಕ, ಎರಡು ಬದಿಗೆ ಎರಡು ತ್ರಿಕೋನದ ಕಿವಿ, ಮುಂಭಾಗದಲ್ಲಿ ಎರಡು ಜೇಬು. ಒಂದರ ಕಿವಿ ಇನ್ನೊಂದರ ಜೇಬಿಗೆ. ಇಡೀ ವಿದ್ಯೆ ಇಷ್ಟೇ. ಒಂದು ಕಟ್ಟಪ್ಪಣೆ ಮಾತ್ರ ಉಂಟು: ಮೊದಲ ತುಂಡಿನಲ್ಲಿ ಯಾವ ಮೂಲೆ ಮಡಿಸಿದ್ದೀರೋ ಮೂವತ್ತರಲ್ಲೂ ಅದೇ ಮೂಲೆ. ಒಂದು ತುಂಡು ತಿರುಗುಮುರುಗಾಗಿ ಕನ್ನಡಿಯ ಬಿಂಬವಾಯಿತೆಂದರೆ ಅದರ ಕಿವಿ ಯಾರ ಜೇಬಿಗೂ ಹೋಗದು.

ಈ ತುಂಡಿಗೆ ಮಿತ್ಸುನೋಬು ಸೊನೋಬೆ ಎಂಬುವರ ಹೆಸರಿದೆ. 1960ರ ದಶಕದ ಕೊನೆಯಲ್ಲಿ ಅವರು ತೋರಿಸಿದ್ದು ಆರೇ ತುಂಡಿನ ಒಂದು ಬಣ್ಣದ ಡಬ್ಬಿಯನ್ನು. ಅದೇ ತುಂಡಿನೊಳಗೆ ಬೇರೆ ಆಕಾರಗಳೂ ಅಡಗಿವೆ, 30ರ ಚೆಂಡೂ ಆಗುತ್ತದೆ ಎಂದು ಮಾಡಿ ತೋರಿಸಿದವರು ಸ್ಟೀವ್ ಕ್ರಿಂಬಾಲ್. ಕಂಡುಹಿಡಿದವರಿಗೇ ತಮ್ಮ ತುಂಡಿನ ಪೂರ್ತಿ ಸಾಮರ್ಥ್ಯ ಗೊತ್ತಿರಬೇಕೆಂದೇನೂ ಇಲ್ಲವಲ್ಲ. ಬಿಡಿ ತುಂಡುಗಳನ್ನು ಕೂಡಿಸುವ ಆಲೋಚನೆಯಂತೂ ಇನ್ನೂ ಹಳೆಯದು. ಮನೆಯ ಬಾಗಿಲುಗಳ ಮೇಲೆ ಕೂರಿಸುವ ಜಾಲಂದರಗಳ ವಿನ್ಯಾಸಕ್ಕೆಂದು 1734ರಲ್ಲಿ ಅಚ್ಚಾದ ‘ರಾನ್ಮ ಜುಶಿಕಿ’ ಎಂಬ ಜಪಾನಿ ಪುಸ್ತಕದ ಒಂದು ಚಿತ್ರದಲ್ಲಿ, ಮಡಿಸಿದ ಬೇರೆ ಆಟಿಕೆಗಳ ನಡುವೆ, ತುಂಡು ಕೂಡಿಸಿ ಮಾಡಿದ ಘನಾಕಾರದ ಕಾಗದದ ಪೆಟ್ಟಿಗೆಯೂ ಕಾಣುತ್ತದೆ.

ಕೂಡಿಸುವಾಗ ನಡುವಿನ ಚೌಕವನ್ನು ಕರ್ಣದ ಗುಂಟ ಬೆನ್ನು ಮಾಡಿ ಮಡಿಸಿಕೊಳ್ಳಬೇಕು. ಮೂರು ತುಂಡು ಸೇರಿದರೆ ಒಂದು ಮೊನೆ. ಮೊನೆಗಳು ಒಂದರ ಪಕ್ಕ ಒಂದು ನಿಲ್ಲುತ್ತ ಒಂದು ಬಿಂದುವನ್ನು ಸುತ್ತುವರಿಯುತ್ತವೆ. ಆ ಬಿಂದುವಿನ ಸುತ್ತ ಎಷ್ಟು ಮೊನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೂರು ಇಟ್ಟರೆ 6 ತುಂಡಿಗೇ ಮುಚ್ಚಿಕೊಂಡು ಘನವಾಗುತ್ತದೆ. ನಾಲ್ಕಕ್ಕೆ 12 ತುಂಡಿನ ಪುಟ್ಟ ನಕ್ಷತ್ರ. ಐದಕ್ಕೆ ನಮ್ಮ 30ರ ಚೆಂಡು. ಆರು ಇಟ್ಟಿರೋ, ಮುಗಿಯಿತು. ಮೊನೆಗಳ ತಳದ ಆರು ಸಮಬಾಹು ತ್ರಿಕೋನಗಳು ಒಂದು ಬಿಂದುವಿನ ಸುತ್ತ ಪೂರ್ತಿ 360 ಡಿಗ್ರಿಯನ್ನು ತುಂಬಿಬಿಡುತ್ತವೆ. ಬಾಗುವುದಕ್ಕೆ ಜಾಗವೇ ಉಳಿಯುವುದಿಲ್ಲ. ಮನೆಯಲ್ಲಿರುವ ಕಾಗದವೆಲ್ಲ ತೀರಿದರೂ ಅದು ಮೇಜಿನ ಮೇಲೆ ಹರಡುತ್ತಲೇ ಹೋಗುತ್ತದೆ. ಹೊಸಬರ ಚೆಂಡು ಒಂದು ಕಡೆ ಸೊಟ್ಟಗಾಗಿ ಹೊಟ್ಟೆ ಬಿಟ್ಟುಕೊಂಡರೆ ಎಲ್ಲೋ ಒಂದು ಕಡೆ ಐದರ ಜಾಗದಲ್ಲಿ ಆರು ಕೂತಿರುತ್ತದೆ.

ಬಣ್ಣದ್ದು ಇನ್ನೊಂದು ಪೇಚು. ಮೂರು ಬಣ್ಣದಲ್ಲಿ ಹತ್ತತ್ತು ತುಂಡು ಇಟ್ಟುಕೊಂಡರೆ ಇಪ್ಪತ್ತೂ ಮೊನೆಗಳಲ್ಲಿ ಮೂರು ಬಣ್ಣವೂ ಬರುವಂತೆ ಕೂಡಿಸಲು ಸಾಧ್ಯ. ಸಾಧ್ಯ ಎಂದೆ, ಸುಲಭ ಎನ್ನಲಿಲ್ಲ.

ಮಡಿಸುವುದರಲ್ಲಿ ಬೇಸರವಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಧಾರಾಳವಾಗಿ ಇದೆ. ಮೊದಲ ಕೆಲವು ತುಂಡುಗಳಿಗೆ ಕಣ್ಣು ಬೇಕು, ಬುದ್ಧಿ ಬೇಕು. ಆಮೇಲೆ ಕೈ ತಾನೇ ನಡೆಸುತ್ತದೆ. ಬಾಯಿ ಹರಟೆಗೆ ಬಿಡುವಾಗುತ್ತದೆ. ವಿಚಿತ್ರವೆಂದರೆ ಗಮನವಿಟ್ಟು ಮಡಿಸಿದ ಮೊದಲ ತುಂಡುಗಳಿಗಿಂತ, ಹರಟುತ್ತ ಮಡಿಸಿದ ನಡುವಿನವೇ ಹೆಚ್ಚು ಚೊಕ್ಕಟವಾಗಿರುತ್ತವೆ. ನಾಲ್ಕಾರು ಜನ ಹಂಚಿಕೊಂಡು ಮಡಿಸಿದ ಚೆಂಡಿನಲ್ಲಿ ಯಾರು ಉಗುರಿನಿಂದ ತೀಡಿದ್ದಾರೆ, ಯಾರು ಬೆರಳಿನಿಂದ ಸವರಿ ಬಿಟ್ಟಿದ್ದಾರೆ ಎಂಬುದನ್ನು ತುಂಡು ನೋಡಿಯೇ ಹೇಳಬಹುದು. ಕಾಗದವೂ ತನ್ನ ಮಾತು ನಡೆಸುತ್ತದೆ. ಹಳೆಯ ಕ್ಯಾಲೆಂಡರಿನ ಹೊಳಪು ಹಾಳೆ ಜೇಬಿನಿಂದ ಜಾರುತ್ತದೆ. ನೋಟ್‌ಬುಕ್ಕಿನ ಹಾಳೆ ಮೆತ್ತಗೆ. ಜೆರಾಕ್ಸ್ ಕಾಗದ ನಮ್ಮ ಕೈಗೆ ಸಿಗುವುದರಲ್ಲಿ ಹದವಾದದ್ದು. ಕೊಜೊ ಗಿಡದ ನಾರಿನಿಂದ ಮಾಡುವ ಜಪಾನಿನ ವಾಶಿ ಕಾಗದದ ಮಾತು ಬೇರೆ; ಅದರ ಬೆಲೆಯೂ ಬೇರೆ.

25 ತುಂಡು ಸೇರಿದ ಮೇಲೂ ಚೆಂಡು ಚೆಂಡಲ್ಲ. ಈ ಕಡೆ ಒತ್ತಿದರೆ ಆ ಕಡೆ ಕಳಚುತ್ತದೆ. ಕೊನೆಯ ಮೂರು ನಾಲ್ಕು ತುಂಡುಗಳ ಹೊತ್ತಿಗೆ ಒಳಗೆ ಬೆರಳು ತೂರಿಸಿ ಆಸರೆ ಕೊಡುವುದಕ್ಕೂ ಸಂದು ಇರುವುದಿಲ್ಲ. ಬೈಗುಳಗಳು ಹುಟ್ಟುವುದು ಇಲ್ಲಿಯೇ. ಕಡೆಯ ಕಿವಿ ಒಳಸರಿಯಿತೋ, ಗೋಳ ಬಿಗಿದುಕೊಳ್ಳುತ್ತದೆ. ಪ್ರತಿ ತುಂಡೂ ಎರಡು ಕಿವಿ ಕೊಟ್ಟು, ಎರಡು ಕಿವಿ ಇಸಕೊಂಡು, ನಾಲ್ಕು ನೆರೆಯವರ ನಡುವೆ ಸಿಕ್ಕಿಕೊಂಡಿರುತ್ತದೆ. ಒಗ್ಗಟ್ಟಿನಲ್ಲಿ ಬಲವಿದೆ ಎಂದು ಬರೆದು ಕೈತೊಳೆದುಕೊಳ್ಳುವ ಆಸೆ ಈ ಜಾಗದಲ್ಲಿ ಯಾವ ಅಂಕಣಕಾರನಿಗೂ ಆದೀತು. ಕಾಗದಕ್ಕೆ ಒಗ್ಗಟ್ಟೂ ಗೊತ್ತಿಲ್ಲ, ಬಲವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಳತೆ. ಚೌಕಗಳು ಒಂದು ಮಿಲಿಮೀಟರು ಓರೆಯಾಗಿದ್ದರೆ ಎಷ್ಟೇ ಸೌಹಾರ್ದದಿಂದ ಸಿಕ್ಕಿಸಿದರೂ ಬಾಯಿ ಬಿಟ್ಟುಕೊಳ್ಳುತ್ತವೆ.

ಈಗ ಗೋಂದಿನ ಜಗಳ. ಕತ್ತರಿ ಮುಟ್ಟಬಾರದು, ಅಂಟು ಮುಟ್ಟಬಾರದು, ಮಡಿಕೆಯೊಂದೇ ಶುದ್ಧ ಎನ್ನುವವರು ಒಂದು ಕಡೆ. ಇನ್ನೊಂದು ಕಡೆ, ಐದು ಎಸಳಿನ 12 ಹೂ ಮಾಡಿ, ಎಂದರೆ 60 ಚೌಕ ಮಡಿಸಿ, ಎಸಳಿಗೆ ಎಸಳು ಅಂಟಿಸಿ, ಹೂವಿಗೆ ಹೂ ಅಂಟಿಸಿ ಗೋಳ ಮಾಡುವವರು. ಮದುವೆ ಮನೆಯ ಮೇಜಿನ ಮೇಲೆ, ಹಬ್ಬದ ತೋರಣದಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಈ ಅಂಟಿನ ಹೂಗೋಳವೇ. ಚೆಲುವು ಕೇಳಿದರೆ ನನ್ನ ಮತ ಅದಕ್ಕೇ. ಶುದ್ಧಿವಾದಿಗಳು ಸಂಪ್ರದಾಯದ ಹೆಸರು ಎತ್ತಿದರಂತೂ ಅವರ ಪಕ್ಕ ನಿಲ್ಲುವುದು ಕಷ್ಟ. ಕಾಗದ ಮಡಿಸುವ ವಿನೋದಕ್ಕೆಂದೇ ಬಂದ ಮೊದಲ ಪುಸ್ತಕಗಳಲ್ಲಿ ಒಂದಾದ, 1797ರ ‘ಸೆಂಬಾಜುರು ಒರಿಕಾತ’ದಲ್ಲಿ ಸಾಲುಗಟ್ಟಿದ ಕೊಕ್ಕರೆಗಳು ಹುಟ್ಟುವುದೇ ಹಾಳೆಯನ್ನು ಕತ್ತರಿಸಿದ ಮೇಲೆ. ಕುಸುದಾಮಕ್ಕಂತೂ ಬಹುಕಾಲ ಕಾಗದದ ಸಂಬಂಧವೇ ಇರಲಿಲ್ಲ.

ಸುಮಾರು ಸಾವಿರ ವರ್ಷದ ಹಿಂದೆ, ಜಪಾನಿನ ಹೆಯಾನ್ ಕಾಲದ ಅರಮನೆಯಲ್ಲಿ ಅದು ಗಿಡಮೂಲಿಕೆಯ ಚೆಂಡು. ಐದನೆಯ ತಿಂಗಳ ಐದನೆಯ ದಿನ, ಮಳೆಯ ಜಡಿಯೂ ಅದರ ಬೆನ್ನಿಗೆ ರೋಗರುಜಿನಗಳೂ ಶುರುವಾಗುವ ಕಾಲಕ್ಕೆ, ಘಮಘಮಿಸುವ ಬೇರು, ಎಲೆ, ಸುಗಂಧದ್ರವ್ಯಗಳನ್ನು ಕೂಡಿಸಿ ಕಟ್ಟಿ, ಐದು ಬಣ್ಣದ ಉದ್ದನೆಯ ದಾರಗಳನ್ನು ಇಳಿಬಿಟ್ಟು ಕಂಬಗಳಿಗೆ ತೂಗುಹಾಕುತ್ತಿದ್ದರು. ರೋಗ ದೂರವಾಗಲಿ, ಆಯುಷ್ಯ ಹೆಚ್ಚಲಿ ಎಂದು. ಪದ್ಧತಿ ಚೀನಾದಿಂದ ಬಂದದ್ದು.

ಆ ದಿನದ ಮುಖ್ಯ ಗಿಡಗಳು ಎರಡು. ಒಂದು ಶೋಬು, ಅದು ಬೇರೇನಲ್ಲ, ನಮ್ಮ ಬಜೆ. ಸಾಣೆಕಲ್ಲಿನ ಮೇಲೆ ತೇದು ಹಸುಗೂಸಿನ ನಾಲಿಗೆಗೆ ಸವರುವ, ಮಾತು ಚುರುಕಾಗಲಿ ಎಂದು ಅಜ್ಜಿಯರು ನೆಕ್ಕಿಸುವ ಅದೇ ಬಜೆ. ಇನ್ನೊಂದು ಯೊಮೊಗಿ, ನಮ್ಮ ಮಾಚಿಪತ್ರೆ, ದವನಗಳ ಕುಲದ್ದೇ ಗಿಡ. ಬಾಣಂತಿ ಕೋಣೆಯ ಬೇರು, ಹೂವಾಡಗಿತ್ತಿಯ ಬುಟ್ಟಿಯ ಸೊಪ್ಪು. ಕುಸುದಾಮವನ್ನು ದೂರದ ದೇಶದ ಒಂದು ಕಸೂತಿ ಎಂದುಕೊಂಡಿದ್ದವರಿಗೆ ಅದರ ವಾಸನೆಯಾದರೂ ಗುರುತು ಸಿಕ್ಕೀತು.

ಅರಮನೆಯ ಆ ಚೆಂಡು ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನದವರೆಗೆ, ಸೇವಂತಿಗೆಯ ಹಬ್ಬ ಬರುವತನಕ, ತೂಗಬೇಕು ಎಂಬುದು ನಿಯಮ. 1000ದ ಆಸುಪಾಸಿನಲ್ಲಿ ರಾಣಿವಾಸದಲ್ಲಿದ್ದ ಸೇಯ್ ಶೋನಾಗೋನ್ ತಮ್ಮ ‘ದಿಂಬಿನ ಪುಸ್ತಕ’ದಲ್ಲಿ ಒಳಗಿನ ಸುದ್ದಿ ಬಿಟ್ಟುಕೊಟ್ಟಿದ್ದಾರೆ: ಯಾರ‍್ಯಾರೋ ಏನೇನನ್ನೋ ಕಟ್ಟುವುದಕ್ಕೆಂದು ಅದರ ದಾರ ಎಳೆದುಕೊಳ್ಳುತ್ತಾರಂತೆ, ಹಾಗಾಗಿ ಅದು ಹೆಚ್ಚು ದಿನ ಉಳಿಯುವುದೇ ಇಲ್ಲವಂತೆ. ಆಯುಷ್ಯದ ದಾರವೇ ಇರಬಹುದು, ಗಂಟು ಕಟ್ಟಲು ಅರ್ಜೆಂಟಾಗಿ ದಾರ ಬೇಕಾದಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಇಡೀ ಕುಸುದಾಮದ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು.

ಮುಂದೆ ಬೇರು ಎಲೆಗಳು ಹೋಗಿ ರೇಷ್ಮೆಯ ಹೂ ಬಂತು, ಕಾಗದದ ಹೂ ಬಂತು, ಅವನ್ನು ಹೊಲಿದರು, ಅಂಟಿಸಿದರು. ಬೇರೆ ಟಿಸಿಲುಗಳೂ ಒಡೆದವು. ನಮ್ಮಲ್ಲಿ ಟೇಪು ಕತ್ತರಿಸಿದಂತೆ ಜಪಾನಿನ ಉದ್ಘಾಟನೆಗಳಲ್ಲಿ ದಾರ ಎಳೆದು ಇಬ್ಭಾಗವಾಗಿಸುವ ದೊಡ್ಡ ಗೋಳವೂ ಕುಸುದಾಮವೇ; ಒಳಗಿನಿಂದ ಬಣ್ಣದ ಚೂರುಗಳು, ಶುಭಾಶಯದ ಪಟ್ಟಿ ಸುರಿಯುತ್ತವೆ. ಆಗಸ್ಟ್ 6ರಿಂದ 8ರವರೆಗೆ ಸೆಂದಾಯ್ ನಗರದಲ್ಲಿ ನಡೆಯುವ ತಾನಾಬಾತ ಹಬ್ಬದಲ್ಲಿ ಅಂಗಡಿ ಬೀದಿಗಳ ಮೇಲೆ ಕಾಗದದ ಹೂಗೋಳಗಳು ಉದ್ದುದ್ದ ಝಾಲರಿ ಇಳಿಬಿಟ್ಟುಕೊಂಡು ತೂಗುತ್ತವೆ. ಮಡಿಸಿ ಸಿಕ್ಕಿಸುವ ಗೋಳ ಇವುಗಳಲ್ಲೆಲ್ಲ ಕಿರಿಯದು. ತುಂಡು ಕೂಡಿಸುವ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು, 1951ರಲ್ಲಿ ನೀಗಾತದಲ್ಲಿ ಹುಟ್ಟಿದ ತೊಮೊಕೊ ಫುಸೆ. ಆಕೆ ಕಾಗದ ಮಡಿಸಲು ಮೊದಲು ಕಲಿತದ್ದು ಚಿಕ್ಕಂದಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ. ಔಷಧಿಯ ಚೆಂಡಿಗೆ ಔಷಧಿಯ ನಂಟು ಹೀಗೂ ಉಳಿಯಿತು ನೋಡಿ.

ಹಾಗಾದರೆ ಗೋಂದು ಬೇಕೋ ಬೇಡವೋ? ಬೇಡ ಎಂಬ ಪಕ್ಷಕ್ಕೇ ನಾನು ಸೇರುತ್ತೇನೆ. ಆದರೆ ಶುದ್ಧಿಯ ಕಾರಣಕ್ಕಲ್ಲ, ಬಿಚ್ಚಬಹುದು ಎಂಬ ಕಾರಣಕ್ಕೆ. ಹೂಗೋಳದ ಮೇಲೆ ದೂಳು ಕೂತು, ಬಣ್ಣ ಇಳಿದರೆ ಕಸದ ಬುಟ್ಟಿಯೇ ಗತಿ. ಸಿಕ್ಕಿಸಿದ ಚೆಂಡಿಗೆ ಆ ಗತಿಯಿಲ್ಲ. ಯಾವುದೋ ಮಗು ಅದರ ಮೇಲೆ ಕೂತು ಒಂದು ಬದಿ ಅಪ್ಪಚ್ಚಿಯಾದರೆ ಎರಡು ತುಂಡು ಎಳೆದು, ಹೊಸದು ಮಡಿಸಿ ಹಾಕಬಹುದು. ಪರವೂರಿಗೆ ಒಯ್ಯಬೇಕೆಂದರೆ ಪೂರ್ತಿ ಬಿಚ್ಚಿ, ಪುಸ್ತಕದ ಪುಟಗಳ ನಡುವೆ ಚಪ್ಪಟೆಯಾಗಿಟ್ಟು, ಹೋದಲ್ಲಿ ಮತ್ತೆ ಕೂಡಿಸಬಹುದು. 30ರ ಚೆಂಡು ಕಣ್ಣಿಗೆ ಹಳತಾಯಿತೋ, ಅದೇ ತುಂಡುಗಳಲ್ಲಿ 12ರ ಎರಡು ನಕ್ಷತ್ರ, 6ರ ಒಂದು ಘನ; ಲೆಕ್ಕ ಸರಿಯಾಗಿ ಕೂಡುತ್ತದೆ, ಒಂದೂ ಮಿಗುವುದಿಲ್ಲ. ಘನಕ್ಕೆ ಹೋಗುವ ಆರರ ಬೆನ್ನಿನ ಮಡಿಕೆಯನ್ನು ಮಾತ್ರ ಉಗುರಿನಿಂದ ತೀಡಿ ಸಪಾಟು ಮಾಡಿಕೊಳ್ಳಬೇಕು.