ಬಾಗಿಲಿಗೆ ಅಡ್ಡ ನಿಂತ ಗೆಳೆಯ

ಮೆಸೊಪೊಟೇಮಿಯಾದ ಹಳೆಯ ಕಾವ್ಯದ ನಾಯಕ ಗಿಲ್ಗಮೇಶನ ಕಥೆಯನ್ನು ಚುಟುಕಾಗಿ ಹೇಳುವವರೆಲ್ಲ ಹೆಚ್ಚುಕಮ್ಮಿ ಒಂದೇ ತರಹ ಹೇಳುತ್ತಾರೆ. ಉರುಕ್ ಪಟ್ಟಣದ ದೊರೆ ದುಷ್ಟನಾಗಿದ್ದ, ಎಂಕಿಡು ಎಂಬ ಕಾಡುಮನುಷ್ಯ ಗೆಳೆಯನಾಗಿ ಸಿಕ್ಕ, ದೊರೆ ಒಳ್ಳೆಯವನಾದ. ಕೇಳುವುದಕ್ಕೆ ಹಿತವಾಗಿದೆ. ಕಾವ್ಯ ಮಾತ್ರ ಹಾಗೆ ಹೇಳುವುದಿಲ್ಲ.

ಅಲ್ಲಿರುವುದು ಹೀಗೆ. ದೊರೆಯ ಕಾಟ ತಡೆಯಲಾರದೆ ಊರಿನವರು ದೇವರಿಗೆ ಮೊರೆಯಿಡುತ್ತಾರೆ. ದೇವತೆಗಳು ಅವನಿಗೆ ಬುದ್ಧಿ ಹೇಳುವ ಗುರುವನ್ನು ಕಳಿಸುವುದಿಲ್ಲ. ಅವನಷ್ಟೇ ಬಲವಿರುವ ಇನ್ನೊಬ್ಬನನ್ನು ಮಣ್ಣಿನಿಂದ ಮಾಡುತ್ತಾರೆ. ಮದುವೆಯ ಮನೆಗೆ ನುಗ್ಗಿ ಮದುಮಗಳ ಮೇಲೆ ತನ್ನ ಹಕ್ಕು ಸಾಧಿಸಲು ಹೊರಟ ದೊರೆಗೆ ಎಂಕಿಡು ಬಾಗಿಲಲ್ಲೇ ಅಡ್ಡ ನಿಲ್ಲುತ್ತಾನೆ. ಇಬ್ಬರೂ ಗೋಡೆ ನಡುಗುವಂತೆ ಕುಸ್ತಿ ಹಿಡಿಯುತ್ತಾರೆ. ಆಮೇಲೆ ಅಪ್ಪಿಕೊಳ್ಳುತ್ತಾರೆ. ಈ ಗೆಳೆತನ ಶುರುವಾಗುವುದೇ ಒಂದು ‘ಕೂಡದು’ ಎಂಬಲ್ಲಿಂದ.

ಆದರೆ ಮುಂದೆ ಇವರಿಬ್ಬರೂ ಸೇರಿ ಮಾಡಿದ್ದೇನು? ದೇವದಾರು ಕಾಡಿಗೆ ಹೋಗಿ, ಅದರ ಕಾವಲುಗಾರ ಹುಂಬಾಬ ಜೀವದಾನ ಬೇಡಿದರೂ ಬಿಡದೆ ಕೊಂದು, ಮರಗಳನ್ನು ಉರುಳಿಸಿದರು. ಹೊರಡುವ ಮೊದಲು ಬೇಡವೆಂದವನು ಎಂಕಿಡುವೇ. ಅಲ್ಲಿಗೆ ಹೋದ ಮೇಲೆ, ತಡಮಾಡದೆ ಕೊಲ್ಲು ಎಂದು ಗೆಳೆಯನನ್ನು ಹುರಿದುಂಬಿಸಿದವನೂ ಅವನೇ. 2011ರಲ್ಲಿ ಇರಾಕಿನ ಸುಲೈಮಾನಿಯಾ ವಸ್ತುಸಂಗ್ರಹಾಲಯ ಕೊಂಡ ಒಂದು ಜೇಡಿಮಣ್ಣಿನ ಫಲಕದಿಂದ ಹೊಸ ಸಾಲುಗಳು ಸಿಕ್ಕವು. ಎಂಕಿಡು ಚಿಕ್ಕಂದಿನಲ್ಲೇ ಹುಂಬಾಬನನ್ನು ಬಲ್ಲವನು. ಕಾಡನ್ನು ಬರಿದು ಮಾಡಿಬಿಟ್ಟೆವಲ್ಲ ಎಂದು ಅವನು ಪೇಚಾಡುವುದೂ ಅಲ್ಲಿದೆ. ದೊರೆ ಊರಿನ ಹೆಣ್ಣುಮಕ್ಕಳನ್ನು ಬಿಟ್ಟನೆಂದೇ ಇಟ್ಟುಕೊಳ್ಳೋಣ, ಕಾಡಿನ ಮೇಲೆ ಬಿದ್ದ.

ಗೆಳೆತನ ಮನುಷ್ಯನ ಅಳತೆಯನ್ನು ಹಿಗ್ಗಿಸುತ್ತದೆ. ಹಿಗ್ಗಿದವನು ಒಳ್ಳೆಯವನೇ ಆಗಿರಬೇಕೆಂದಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪುಗಳ ಹಿಂದೆ, ಒಬ್ಬನೇ ಆಗಿದ್ದರೆ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಲು ಕೈ ನಡುಗುತ್ತಿದ್ದ, ಗೆಳೆಯ ಪಕ್ಕದಲ್ಲಿದ್ದಾನೆಂದು ಲೇತ್ ಮಷೀನಿಗೆ ಸಾಲ ಎತ್ತಿದ ಜೋಡಿಗಳಿವೆ. ಮಧ್ಯರಾತ್ರಿ ಮೈಸೂರು ರಸ್ತೆಯಲ್ಲಿ ವ್ಹೀಲಿಂಗ್ ಮಾಡುವ ಹುಡುಗರೂ ಒಂಟಿಯಾಗಿ ಬಂದವರಲ್ಲ. ಎರಡೂ ಕಡೆ ಕೆಲಸ ಮಾಡುವ ಶಕ್ತಿ ಒಂದೇ.

ಹಾಗಾದರೆ ಗೆಳೆತನದಿಂದ ಮನುಷ್ಯ ಬದಲಾಗುವುದು ಯಾವಾಗ? ಇದಕ್ಕೆ ಉತ್ತರ ಹುಡುಕಲು ನಾವು ಮೆಸೊಪೊಟೇಮಿಯಾದಲ್ಲೇ ಕೂರಬೇಕಿಲ್ಲ. ಕನ್ನಡದ ಹಿರಿಯ ಕಾವ್ಯಗಳ ನಡುವೆಯೇ ಅಂಥ ಜೋಡಿಯಿದೆ: ದುರ್ಯೋಧನ ಮತ್ತು ಕರ್ಣ.

ಇವರ ಗೆಳೆತನ ಶುರುವಾದ ಬಗೆ ನೋಡಿ. ತುಂಬಿದ ಸಭೆಯಲ್ಲಿ ಕುಲ ಕೇಳಿ ಕರ್ಣನನ್ನು ಅವಮಾನಿಸಿದಾಗ ದುರ್ಯೋಧನ ಎದ್ದು ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ದೊಡ್ಡ ಮನಸ್ಸಿನ ಕೆಲಸ, ಅನುಮಾನವಿಲ್ಲ. ಆದರೆ ಅಲ್ಲಿ ಕುಸ್ತಿಯಿತ್ತು, ಇಲ್ಲಿ ಕೊಡುಗೆ. ಕುಸ್ತಿಯಾಡಿದವರು ಸಮಾನರಾಗಿ ಎದ್ದರು. ಕೊಡುಗೆ ಪಡೆದವನು ಋಣಿಯಾಗಿ ಉಳಿದ. ಭೀಷ್ಮನಂಥವನ ಮುಖಕ್ಕೇ ಒರಟಾಗಿ ಮಾತಾಡಬಲ್ಲ ಕರ್ಣ, ದ್ಯೂತದ ದಿನ ಗೆಳೆಯನ ಕೈ ಹಿಡಿದು ‘ಸಾಕು’ ಎನ್ನಲಿಲ್ಲ. ಹೇಗೆ ಅಂದಾನು? ಅನ್ನವಿಟ್ಟವನಿಗೆ ಎದುರಾಡುವುದು ನಮ್ಮಲ್ಲಿ ದ್ರೋಹದ ಪಟ್ಟಿಯಲ್ಲಿದೆ.

941ರ ಹೊತ್ತಿಗೆ ಪಂಪ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕೃಷ್ಣ ಬಂದು, ನೀನು ಕುಂತಿಯ ಮಗ, ಪಾಂಡವರ ಅಣ್ಣ ಎಂದು ತಿಳಿಸುತ್ತಾನೆ. ಕರ್ಣ ಕದಲುವುದಿಲ್ಲ, ತನ್ನನ್ನು ಅಷ್ಟೊಂದು ನಂಬಿದ ದೊರೆಯನ್ನು ಬಿಟ್ಟು ಬರಲಾರೆ ಎನ್ನುತ್ತಾನೆ. ಈ ನಿಷ್ಠೆಗೆ ತಲೆಬಾಗದ ಕನ್ನಡಿಗನಿಲ್ಲ. ನಮ್ಮ ನೆಲದಲ್ಲಿ ಅದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. 1220ರಲ್ಲಿ ಹೊಯ್ಸಳ ವೀರಬಲ್ಲಾಳ ತೀರಿಕೊಂಡಾಗ ಅವನೊಂದಿಗೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಶಾಸನದ ಕಂಬ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿದೆ; ಕತ್ತಿಯಿಂದ ತಮ್ಮನ್ನೇ ಕೊಂದುಕೊಳ್ಳುವ ವೀರರ ಚಿತ್ರಗಳು ಅದರ ಮೇಲಿವೆ. ಒಡೆಯನಿಗಾಗಿ ಸತ್ತವರನ್ನು ನಾವು ಕಂಬ ನಿಲ್ಲಿಸಿ ನೆನೆದೆವು. ಒಡೆಯನನ್ನು ತಡೆದವರಿಗೆ ಕಂಬ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ.

ಪಂಪನ ನಂತರ ಬಂದ ರನ್ನ ಇನ್ನೂ ಆಳಕ್ಕೆ ಇಳಿಯುತ್ತಾನೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿಯ ‘ಗದಾಯುದ್ಧ’ದಲ್ಲಿ, ಎಲ್ಲ ಕಳೆದುಕೊಂಡ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಬರುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಕೊನೆಗೆ ಕರ್ಣ. ಅಲ್ಲಿ ಅವನ ಬಾಯಿಂದ ಒಂದು ಭಯಂಕರ ಸತ್ಯ ಬೀಳುತ್ತದೆ. ಕರ್ಣ ಯಾರ ಮಗನೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಕುಂತಿ, ಕೃಷ್ಣ, ಸೂರ್ಯ, ಸಹದೇವನ ಜೊತೆಗೆ ತಾನೂ ಬಲ್ಲೆ ಎನ್ನುತ್ತಾನೆ.

ಪಂಪ ರನ್ನರನ್ನು ಒಟ್ಟಿಗಿಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ. ಕರ್ಣನಿಗೆ ಗೊತ್ತು, ದುರ್ಯೋಧನನಿಗೆ ಹೇಳಲಿಲ್ಲ. ದುರ್ಯೋಧನನಿಗೂ ಗೊತ್ತು, ಕರ್ಣನಿಗೆ ಹೇಳಲಿಲ್ಲ. ಒಬ್ಬನಿಗೆ ಗೆಳೆಯ ನೊಂದಾನೆಂಬ ಅಂಜಿಕೆ, ಇನ್ನೊಬ್ಬನಿಗೆ ಗೆಳೆಯ ಕೈತಪ್ಪಿ ಹೋದಾನೆಂಬ ಅಂಜಿಕೆ ಇದ್ದಿರಬೇಕು. ಜಗತ್ತೇ ಹೊಗಳುವ ಈ ಗೆಳೆತನದ ನಡುವೆ ಆಡದ ಮಾತೊಂದು ಕೊನೆಯವರೆಗೂ ಕೂತಿತ್ತು. ಅತ್ತ ಗಿಲ್ಗಮೇಶ ಕಾಡಿನ ದಾರಿಯಲ್ಲಿ ತನಗೆ ಬಿದ್ದ ಕೆಟ್ಟ ಕನಸನ್ನೂ ಎಂಕಿಡುವಿನಿಂದ ಬಚ್ಚಿಡುವುದಿಲ್ಲ. ತಾನು ಸಾಯುವೆನೆಂದು ಕಂಡ ಕನಸನ್ನು ಎಂಕಿಡು ಹೇಳುವುದು ಗೆಳೆಯನಿಗೇ.

ಸತ್ಯ ಹೇಳಿದ ಮೇಲೂ ದುರ್ಯೋಧನ ಬದಲಾಗುವುದಿಲ್ಲ. ಸಂಧಿ ಒಲ್ಲೆ ಎನ್ನುತ್ತಾನೆ, ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ, ಭೀಮನ ಮೂದಲಿಕೆಗೆ ಉರಿದೆದ್ದು ಬರುತ್ತಾನೆ. ದುಃಖ ಅವನ ಛಲಕ್ಕೆ ಎಣ್ಣೆ ಹೊಯ್ಯುತ್ತದೆ. ರನ್ನನ ಕೈಯಲ್ಲಿ ಅದು ಅದ್ಭುತ ಕಾವ್ಯ, ಒಪ್ಪೋಣ. ಆದರೂ ಗೆಳೆತನ ಅವನಿಗೆ ಏನನ್ನೂ ಕಲಿಸಲಿಲ್ಲ.

ಗಿಲ್ಗಮೇಶನ ದುಃಖವೂ ಮೊದಮೊದಲು ಉದಾತ್ತವೇನಲ್ಲ. ಎಂಕಿಡು ಸತ್ತಾಗ ಆರು ಹಗಲು ಏಳು ರಾತ್ರಿ ಅವನ ಹೆಣವನ್ನು ಹೂಳಲು ಬಿಡದೆ ಕೂರುತ್ತಾನೆ, ಮೂಗಿನಿಂದ ಹುಳು ಬೀಳುವವರೆಗೆ. ಆಮೇಲೆ ಅವನನ್ನು ಓಡಿಸುವುದು ತಾನೂ ಹೀಗೇ ಸಾಯಬೇಕಲ್ಲ ಎಂಬ ದಿಗಿಲು. ಸಾವಿಲ್ಲದ ಬಾಳಿನ ಗುಟ್ಟು ಕೇಳಲು, ಪ್ರಳಯದಲ್ಲಿ ಬದುಕುಳಿದ ಉತನಪಿಷ್ಟಿಮನವರೆಗೆ ಹೋಗುತ್ತಾನೆ. ಏಳು ರಾತ್ರಿ ಎಚ್ಚರವಿರು ಎಂದರೆ ಕೂತಲ್ಲೇ ನಿದ್ದೆ ಹೋಗುತ್ತಾನೆ. ಹರೆಯ ಮರಳಿಸುವ ಗಿಡವೊಂದು ಸಿಕ್ಕರೆ ಅದನ್ನು ಹಾವು ಕದಿಯುತ್ತದೆ. ಬರಿಗೈಲಿ ಊರಿಗೆ ಬಂದು, ಜೊತೆಗಿದ್ದ ಅಂಬಿಗ ಉರ್ಶನಾಬಿಗೆ ಉರುಕ್ ಕೋಟೆಯ ಗೋಡೆ ತೋರಿಸುತ್ತಾನೆ. ಬಳಿಕ ಅವನು ನ್ಯಾಯವಂತ ದೊರೆಯಾಗಿ ಆಳಿದನೆಂದು ಅಲ್ಲಿ ಬರೆದಿಲ್ಲ. ಆದರೆ ಪಟ್ಟ ಪಾಡನ್ನೆಲ್ಲ ಅವನು ಕಲ್ಲಿನ ಮೇಲೆ ಕೆತ್ತಿಸಿದನೆಂದು ಕಾವ್ಯದ ಆರಂಭದಲ್ಲೇ ಇದೆ. ಮದುವೆಮನೆಗೆ ನುಗ್ಗುತ್ತಿದ್ದ ಅರಸ ತನ್ನ ಸೋಲನ್ನು ಜನ ಓದಲೆಂದು ಬರೆಸುತ್ತಾನೆ. ನನ್ನ ಮಟ್ಟಿಗೆ ಬದಲಾವಣೆ ಅಂದರೆ ಇಷ್ಟೇ, ಮತ್ತು ಇದು ಸಣ್ಣದಲ್ಲ. ಅಡ್ಡ ನಿಂತವನನ್ನು ಒಮ್ಮೆ ಅಪ್ಪಿಕೊಂಡವನಿಗೆ ಮಾತ್ರ ಸೋಲೊಪ್ಪುವುದು ಬರುತ್ತದೆ. ದುರ್ಯೋಧನನಿಗೆ ಅದನ್ನು ಕಲಿಸುವ ಗೆಳೆಯ ಇರಲಿಲ್ಲ. ಕಲಿಸಬಹುದಾಗಿದ್ದವನಿಗೆ ಅವನು ಮೊದಲ ದಿನವೇ ರಾಜ್ಯ ಕೊಟ್ಟುಬಿಟ್ಟಿದ್ದ.

ಕೆಂಗೇರಿ, ಮಾಗಡಿ ರಸ್ತೆಯ ಸುತ್ತಿನ ಊರುಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ನಾಟಕದ ಗೀಳು ಬಿಟ್ಟಿಲ್ಲ. ರೈತರು, ಪೊಲೀಸರು, ಕಂಟ್ರಾಕ್ಟರುಗಳು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದ, ವೃತ್ತ ಕಲಿಯುತ್ತಾರೆ. ಪಾತ್ರಕ್ಕೆ ತಾವೇ ದುಡ್ಡು ಕಟ್ಟುತ್ತಾರೆ, ದುರ್ಯೋಧನನ ಪಾತ್ರಕ್ಕೆ ಹೆಚ್ಚು. ಕರ್ಣನ ಹೆಣದ ಮುಂದೆ ಅವನು ಗೋಳಾಡಿದರೆ ಶಿಳ್ಳೆ, ಚಪ್ಪಾಳೆ, ಕೊರಳಿಗೆ ನೋಟಿನ ಹಾರ. ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನಾಟಕದಲ್ಲಿ ಇನ್ನೂ ಇಲ್ಲವಾದರೆ, ಆ ಗೋಳಿನ ನಡುವೆ ರನ್ನನ ಆ ಸಂಗತಿಯನ್ನು ಸೇರಿಸಿಕೊಳ್ಳಿ. ‘ನನಗೆ ಗೊತ್ತಿತ್ತು ಕರ್ಣಾ, ಹೇಳಲಿಲ್ಲ’ ಎಂದು ದುರ್ಯೋಧನ ಜನರ ಮುಂದೆ ಬಾಯಿಬಿಟ್ಟು ಹೇಳಲಿ. ಅಲ್ಲಿ ಹಾರ್ಮೋನಿಯಂ ಬೇಡ.