ಕೊರತೆಯೂ ಕುಶಲತೆಯೂ

ಕೊರತೆಯು ಮನುಷ್ಯನನ್ನು ಬೆಳೆಸುವುದೆಂದು ಹಿರಿಯರು ಹೇಳುವುದುಂಟು. ಈ ಮಾತು ಎಲ್ಲಿಯವರೆಗೆ ನಿಜ? ಐರೋಪ್ಯ ಸಂಗೀತದ ಹಳೆಯ ಹಿತ್ತಾಳೆಯ ಕಹಳೆಯೊಂದರ ಚರಿತ್ರೆಯು ಈ ಪ್ರಶ್ನೆಯನ್ನು ವಿಚಾರಿಸಲು ಸಹಾಯಕವಾಗಿದೆ.

ಹಲವು ಅಡಿ ಉದ್ದದ ಕೊಳವೆಯನ್ನು ಸುರುಳಿಯಾಗಿ ಸುತ್ತಿ ಮಾಡಿದ ವಾದ್ಯವದು. ಕನ್ನಡನಾಡಿನ ಕೊಂಬಿನಂತೆ ಅದಕ್ಕೂ ಬೆರಳಾಡಿಸುವ ರಂಧ್ರಗಳಿಲ್ಲ, ಕವಾಟಗಳೂ ಇಲ್ಲ. ವಾದಕನು ತುಟಿಗಳ ಬಿಗಿತವನ್ನು ಬದಲಿಸಿದಂತೆ ಷಡ್ಜ, ಪಂಚಮ, ಗಾಂಧಾರಗಳು ದೊರೆಯುತ್ತವೆ; ಕೆಳಗಿನ ಸ್ಥಾಯಿಯಲ್ಲಿ ಅವುಗಳ ನಡುವೆ ಬರಿಯ ತೆರವು. ಮೇಲೇರಿದಂತೆ ಸ್ವರಗಳು ಒತ್ತಾಗುತ್ತವೆ. ಆದರೆ ಎಲ್ಲವೂ ಶ್ರುತಿಶುದ್ಧವಾಗಿರುವುದಿಲ್ಲ. ಹನ್ನೊಂದನೆಯ ಸಹಜಸ್ವರವು ಶುದ್ಧಮಧ್ಯಮಕ್ಕೂ ಪ್ರತಿಮಧ್ಯಮಕ್ಕೂ ನಡುವೆ ಎಲ್ಲಿಯೋ ನಿಲ್ಲುತ್ತದೆ.

ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಡ್ರೆಸ್ಡನ್ ಆಸ್ಥಾನದ ವಾದಕನಾದ ಹಂಪೆಲನು ಇದಕ್ಕೊಂದು ಉಪಾಯವನ್ನು ಕ್ರಮಪಡಿಸಿದನೆಂದು ಪ್ರಸಿದ್ಧಿ. ಕಹಳೆಯ ಅಗಲವಾದ ಬಾಯೊಳಗೆ ಬಲಗೈಯನ್ನಿಟ್ಟು ಸ್ವಲ್ಪ ಸ್ವಲ್ಪವಾಗಿ ಮುಚ್ಚಿದರೆ ಸ್ವರವು ಇಳಿಯುತ್ತದೆ. ಹೀಗೆ ಇಲ್ಲದ ಸ್ವರಗಳು ದೊರೆತವು. ತಪ್ಪಿದ ಸ್ವರಗಳು ಸರಿಹೋದವು. ತೆರೆದ ಸ್ವರದ ನಾದವು ಉಜ್ವಲ, ಮುಚ್ಚಿದುದರ ನಾದವು ಮಬ್ಬು. ಈ ಬೆಳಕು ನೆರಳುಗಳನ್ನು ಹದವಾಗಿ ಬೆರೆಸುವುದರಲ್ಲಿಯೇ ವಾದಕನ ಕುಶಲತೆಯಿದ್ದಿತು.

ಈ ವಿದ್ಯೆಯಲ್ಲಿ ಅದ್ವಿತೀಯನೆನಿಸಿದ ಪುಂಟೋ ಎಂಬಾತನು 1746ರಲ್ಲಿ ಬೊಹೀಮಿಯದಲ್ಲಿ ಜೀತದ ಕುಟುಂಬದಲ್ಲಿ ಹುಟ್ಟಿದವನು. ಒಡೆಯನಾದ ತುನ್ ಪ್ರಭುವೇ ಹಣವಿತ್ತು ಅವನಿಗೆ ವಿದ್ಯೆ ಕಲಿಸಿದನು. ಶಿಷ್ಯನು ಪ್ರವೀಣನಾಗಿ ತಪ್ಪಿಸಿಕೊಂಡು ಓಡಿಹೋದಾಗ, ಇನ್ನೆಂದೂ ಕಹಳೆ ಊದಲಾಗದಂತೆ ಅವನ ಮುಂದಿನ ಹಲ್ಲುಗಳನ್ನು ಉದುರಿಸಿರೆಂದು ಅದೇ ಪ್ರಭು ಭಟರನ್ನು ಅಟ್ಟಿದನಂತೆ. ಅವರಿಗೆ ಆತನು ಸಿಕ್ಕಲಿಲ್ಲ. ಸ್ಟಿಕ್ ಎಂಬ ಮನೆತನದ ಹೆಸರನ್ನು ಬಿಟ್ಟು ಇಟಲಿಯ ಹೆಸರನ್ನು ಧರಿಸಿ ಆತನು ಯೂರೋಪನ್ನೆಲ್ಲ ಸುತ್ತಿದನು. 1800ರಲ್ಲಿ ಬೇಥೋವನನು ಇವನಿಗಾಗಿಯೇ ಒಂದು ಸೊನಾಟವನ್ನು ರಚಿಸಿ, ವಿಯೆನ್ನಾದಲ್ಲಿ ಇವನೊಡನೆ ನುಡಿಸಿದನು.

ಪುಂಟೋವಿನ ಮುಂದೆ ಎರಡು ಕಟ್ಟುಗಳಿದ್ದವು. ಕೊಳವೆಯ ಕಟ್ಟಿಗೆ ಆತನು ತಲೆಬಾಗಿ ದುಡಿದನು. ಒಡೆಯನ ಕಟ್ಟನ್ನು ಹರಿದೊಗೆದನು. ಕೊಳವೆಗೆ ಯಾರ ಮೇಲೆಯೂ ದ್ವೇಷವಿಲ್ಲ, ಯಾರ ದುಡಿಮೆಯಿಂದಲೂ ಲಾಭವಿಲ್ಲ. ಅದರೊಡನೆ ಹೆಣಗಿದಷ್ಟೂ ಕೈ ನುರಿಯುತ್ತದೆ. ಒಡೆಯನ ಕಟ್ಟಾದರೋ ಕಲಿತ ಕೈಯನ್ನು ತನ್ನ ಸೊತ್ತೆಂದು ಎಣಿಸುವುದು. ತನಗೊದಗದಿದ್ದರೆ ಆ ವಿದ್ಯೆಯನ್ನೇ ನಾಶಮಾಡಲು ಹೊರಡುವುದು. ಎರಡಕ್ಕೂ ಕೊರತೆಯೆಂಬ ಒಂದೇ ಹೆಸರನ್ನಿಟ್ಟು ಎರಡನ್ನೂ ಸಹಿಸೆಂದು ಉಪದೇಶಿಸುವುದು ನ್ಯಾಯವಲ್ಲ.

1818ರಲ್ಲಿ ಪ್ರಷ್ಯದಲ್ಲಿ ಕವಾಟಗಳಿಗೆ ಹಕ್ಕುಪತ್ರ ದೊರೆಯಿತು. ಕ್ರಮೇಣ ಎಲ್ಲ ಸ್ವರಗಳೂ ಬೆರಳ ತುದಿಗೆ ಬಂದವು. ಆದರೂ 1865ರಲ್ಲಿ ಬ್ರಾಮ್ಸನು ತನ್ನ ತ್ರಿವಾದ್ಯ ಕೃತಿಗೆ ಕವಾಟವಿಲ್ಲದ ಹಳೆಯ ಕಹಳೆಯನ್ನೇ ಅಪೇಕ್ಷಿಸಿದನು. ಆತನ ಮುಂದೆ ಎರಡು ದಾರಿಗಳೂ ತೆರೆದಿದ್ದವು. ಆದುದರಿಂದಲೇ ಆ ಮಿತಿಯನ್ನು ಸಂಯಮವೆನ್ನಬಹುದು.

ಹಿರಿಯರ ಮಾತು ಸುಳ್ಳಲ್ಲ. ಆದರೆ ಅದನ್ನು ತನಗೆ ತಾನೇ ಹೇಳಿಕೊಳ್ಳುವುದು ಮೇಲು. ಪರರ ಕೊರತೆಯನ್ನು ಹೊಗಳುವವನು, ಅವರ ಬಾಗಿಲಿನ ಅಗುಳಿ ತನ್ನ ಕೈಯಲ್ಲಿಯೇ ಇದೆಯೋ ಎಂದು ಮೊದಲು ನೋಡಿಕೊಳ್ಳಬೇಕು.